ಕೈ ಬಿಡುವ ಹೊತ್ತು

ಕೇಣಿ ಬಂದರಿನಲ್ಲಿ ಮೀನಿಗೆ ಬರ್ಫದ ಗಡ್ಡೆ ಮಾಡುವ ಕಾರ್ಖಾನೆಗೆ, ಯಂತ್ರವನ್ನು ತಾನಾಗಿ ನಡೆಸುವ ಬೋರ್ಡು ಮಾಡಿಕೊಟ್ಟವಳು ನನ್ನ ನಾದಿನಿ, ಗಂಡನ ತಂಗಿ ವಿದ್ಯಾ. ಕಾರವಾರದ ಪಾಲಿಟೆಕ್ನಿಕ್‌ನಲ್ಲಿ ಕಲಿತವಳ ಮೊದಲ ಸ್ವಂತ ಕೆಲಸ. ಆದರೆ ಕರೆಂಟು ಹೋಗಿ ಬಂದಾಗಲೆಲ್ಲ ಅದರ ಮೈಕ್ರೋಕಂಟ್ರೋಲರ್ ಚಿಪ್ಪು ಮಂಕು ಬಡಿದಂತೆ ಕೂತುಬಿಡುತ್ತಿತ್ತು. ಯಾರಾದರೂ ರಿಸೆಟ್ ಗುಂಡಿ ಒತ್ತಿದರೆ ಮಾತ್ರ ಏಳುತ್ತಿತ್ತು.

"ಇನ್ನೊಂದ್ಸಲ ನಿಂತ್ರೆ ಕಿತ್ತು ಹಳೇದೇ ಹಾಕ್ತೆ, ತಂಗಿ," ಎಂದಿದ್ದರು ಮಾಲೀಕ ಶ್ರೀಕಾಂತ.

ಕರೆಂಟು ಬಂದ ಮೇಲೆ ಚಿಪ್ಪನ್ನು ಸ್ವಲ್ಪ ಹೊತ್ತು ತಡೆದಿಟ್ಟು ಆಮೇಲೆ ಬಿಡಲು ವಿದ್ಯಾ ಒಂದು ಕೆಪಾಸಿಟರ್ ಹಾಕಿದ್ದಳು. ಅದನ್ನು ತೆಗೆದು ದೊಡ್ಡದು ಹಾಕಿದಳು. ಆಗಲಿಲ್ಲ. ಒಂದು ಮಧ್ಯಾಹ್ನ ಜೊತೆಗೆ ನನ್ನನ್ನೂ ಕರೆದೊಯ್ದು, ಬೋರ್ಡಿಗೆ ಮೀಟರು ಹಚ್ಚಿ ಕೂತಳು. ಕರೆಂಟು ಮರಳಿದಾಗ ಮುಳ್ಳು ಒಮ್ಮೆಲೇ ಏರಲಿಲ್ಲ. ಏರಿತು, ತಡವರಿಸಿತು, ಮತ್ತೆ ಏರಿತು.

ಹೊರಗೆ ಮೀನು ಮಾರುವ ಮಾದೇವಿ, ಜೊತೆಗಾತಿ ಕಾಮಿಯ ತಲೆಗೆ ಮೀನಿನ ಬುಟ್ಟಿ ಎತ್ತುತ್ತಿದ್ದಳು.

"ಬಿಡ್ಬೇಡ್ವೇ, ಕುತ್ಗೆ ನಿಲ್ಲಲಿ," ಎಂದಳು ಕಾಮಿ.

"ನೀ ಹಾಂ ಅನ್ನೂವರೆಗೆ ಬಿಡೂದಿಲ್ಲ. ಮೊನ್ನೆ ನೀ ಬಂಗಡೆ ಎಲ್ಲಾ ನನ್ ಮೈಮೇಲೇ ಸುರ್ದಿದ್ದೆ."

ವಿದ್ಯಾ ನಕ್ಕವಳು ತಿರುಗಿ ಮೀಟರಿನ ಮುಳ್ಳನ್ನು ನೋಡಿದಳು.

"ವೈನಿ, ನಾ ಇಷ್ಟ್ ಹೊತ್ತಾಯ್ತು ಅಂತ ಕೈ ಬಿಡ್ತಾ ಇದ್ದೆ. ಕರೆಂಟು ಗಟ್ಟಿ ನಿಂತದೋ ಇಲ್ವೋ ನೋಡ್ಲೇ ಇಲ್ಲ."

ಮನೆಯ ಜಗಲಿಯಲ್ಲಿ ಕೂತು ಹೊಸ ಸರ್ಕ್ಯೂಟ್ ಕಟ್ಟಿದಳು: ಒಂದು ಝೀನರ್ ಡಯೋಡು, ಎರಡು ಟ್ರಾನ್ಸಿಸ್ಟರು. ವೋಲ್ಟೇಜು ಗಟ್ಟಿಯಾಗುವವರೆಗೆ ಅದು ಚಿಪ್ಪನ್ನು ರಿಸೆಟ್‌ನಲ್ಲೇ ಹಿಡಿದಿಡುತ್ತದೆ. ನಡುವೆ ಕುಸಿದರೆ ಮತ್ತೆ ಹಿಡಿಯುತ್ತದೆ. ನಾನು ಚಿಮಟದಲ್ಲಿ ತಂತಿ ಹಿಡಿದುಕೊಂಡೆ. ಬೆಸುಗೆಯ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಬಗ್ಗಿದ್ದ ಆ ಮುಖವನ್ನು ನೋಡುತ್ತಿದ್ದಂತೆ ನನ್ನ ಮದುವೆ ನೆನಪಾಯಿತು. ಅಂದು ಎಲ್ಲರೂ ಮುಹೂರ್ತ ನೋಡಿದ್ದರು. ನಾನು ಗಟ್ಟಿಯಾಗಿ ನಿಂತಿದ್ದೇನೆಯೇ ಎಂದು ಯಾರೂ ನೋಡಿರಲಿಲ್ಲ. ಈ ಹುಡುಗಿ ಒಂದು ಚಿಪ್ಪಿಗಾಗಿ ಅದನ್ನು ನೋಡುತ್ತಿದ್ದಳು.

ಹೊಸ ಸರ್ಕ್ಯೂಟನ್ನು ಕಾರ್ಖಾನೆಯಲ್ಲಿ ಕೂರಿಸಿದ ದಿನವೇ ಕರೆಂಟು ಹೋಯಿತು. ಮರಳಿದಾಗ ತಲೆಯ ಮೇಲಿನ ಬಲ್ಬು ಕೆಂಪಗೆ ಮಿಣುಕಿತು. ಯಂತ್ರ ಅಲುಗಲಿಲ್ಲ. ಶ್ರೀಕಾಂತರ ಕೈ ರಿಸೆಟ್ ಗುಂಡಿಯತ್ತ ಹೋಯಿತು.

"ಮುಟ್ಬೇಡಿ," ಎಂದಳು ವಿದ್ಯಾ. "ಅದಿನ್ನೂ ಹಾಂ ಅನ್ಲಿಲ್ಲ."

ಬಲ್ಬು ನಿಧಾನವಾಗಿ ಬೆಳ್ಳಗಾಯಿತು. ಆಮೇಲೆ ಕಾಲಡಿಯ ನೆಲ ನಡುಗಿ, ಕಂಪ್ರೆಸರು ತಾನಾಗಿ ಗುಡುಗತೊಡಗಿತು.

ಶ್ರೀಕಾಂತರು ಕೈ ಹಿಂತೆಗೆದುಕೊಂಡು ಪಂಚೆಗೆ ಒರೆಸಿಕೊಂಡರು.

"ಇರ್ಲಿ ಇದು, ಇಲ್ಲೇ."