ಐದು ಬೆರಳಿನ ಗುರುತು

ನನ್ನ ಹೆಂಡತಿ ಮನೋರಮೆ ತೀರಿಕೊಂಡು ಹತ್ತು ತಿಂಗಳಾಗಿತ್ತು. ಸಂಕಲ್ಪ ಮಾಡಿ ಅವಳು ಆರಂಭಿಸಿದ್ದ ಪುರಾಣ ಪಾರಾಯಣ ನಡುವೆಯೇ ನಿಂತಿತ್ತು. ವರ್ಷಾಂತಿಕದೊಳಗೆ ಅದನ್ನು ಮುಗಿಸಿ ಅವಳ ಹೆಸರಿನಲ್ಲಿ ದೇವರಿಗೆ ಒಪ್ಪಿಸಬೇಕೆಂದು ನಿಶ್ಚಯಿಸಿದೆ. ಮೊದಲಿನಿಂದ ಓದಿದರೆ ಅದು ನನ್ನ ಪಾರಾಯಣವಾಗುತ್ತದೆ. ಅವಳದು ಪೂರ್ತಿಯಾಗಬೇಕಾದರೆ ಅವಳು ನಿಲ್ಲಿಸಿದ ಸಾಲಿನಿಂದಲೇ ಹಿಡಿಯಬೇಕು.

ಅವಳು ಓದುತ್ತಿದ್ದದ್ದು ಟ್ಯಾಬಿನಲ್ಲಿ. ಅಕ್ಷರ ಬೇಕಾದಷ್ಟು ದೊಡ್ಡದಾಗುತ್ತದೆ ಎಂಬ ಕಾರಣಕ್ಕೆ. ನನ್ನ ತಮ್ಮನ ಮಗಳು ಹರ್ಷಿಣಿ ನಾಶಿಕದ ಒಂದು ಸಣ್ಣ ಕಂಪನಿಯಲ್ಲಿ ಟ್ಯಾಬಿಗೆಂದೇ ಹೊಸ ಬ್ರೌಸರ್ ರೂಪಿಸುತ್ತಾಳೆ. ವಯಸ್ಸಾದವರು ಅದನ್ನು ಹೇಗೆ ಬಳಸುತ್ತಾರೆಂದು ತಿಳಿಯಲು ದೊಡ್ಡಮ್ಮನ ಒಪ್ಪಿಗೆ ಪಡೆದು ಅವಳ ಟ್ಯಾಬಿಗೆ ಹಾಕಿಕೊಟ್ಟಿದ್ದಳು. ಸಂಭಾಜಿನಗರದ ನಮ್ಮ ಮನೆಯಲ್ಲಿ, ನಾನು ಬೆಳಗಿನ ತಿರುಗಾಟಕ್ಕೆ ಹೋದಾಗ, ಮನೋರಮೆ ಓದಲು ಕೂರುತ್ತಿದ್ದಳು. ಎಷ್ಟನೆಯ ಅಧ್ಯಾಯವೆಂದು ನಾನು ಒಂದು ದಿನವೂ ಕೇಳಲಿಲ್ಲ.

ಒಂದು ಗುರುವಾರ ಸ್ನಾನ ಮಾಡಿ, ಪುಸ್ತಕವಿಡುವ ಮರದ ವ್ಯಾಸಪೀಠದ ಮೇಲೆ ಟ್ಯಾಬನ್ನಿಟ್ಟು ತೆರೆದೆ. ಅವಳ ಪುಟ ಹಾಗೆಯೇ ಇತ್ತು. ಓದುವ ಮೊದಲು ಐದು ಬೆರಳುಗಳಿಂದ ಪುಟವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಕಣ್ಣು ತೆರೆದಾಗ ಪರದೆ ಬಿಳಿಯಾಗಿತ್ತು.

ಹರ್ಷಿಣಿಗೆ ಫೋನ್ ಮಾಡಿದೆ.

"ಐದೂ ಬೆರಳು ಇಟ್ರೇನು ದೊಡ್ಡಪ್ಪ? ಅದು ನನ್ನ ಹೊಸಾ ಐಡಿಯಾ. ಹಂಗ ಇಟ್ರ ತೆರೆದಿದ್ದ ಎಲ್ಲಾ ಪುಟ ಬಂದ್ ಆಗ್ತಾವ. ಆಫೀಸದಾಗ ಎಲ್ಲಾರಿಗೂ ಪಸಂದ ಬಿತ್ತು. ಸೋಮವಾರ ಜನಕ್ಕ ಬಿಡೋದದ, ದೊಡ್ಡಮ್ಮನ ಟ್ಯಾಬಿಗೆ ಮೊದಲ ಹಾಕೇವಿ."

"ನಿಮ್ಮ ದೊಡ್ಡಮ್ಮ ಓದಿ ನಿಲ್ಲಿಸಿದ ಜಾಗಾ ಹೋತವ್ವ."

"ಒಮ್ಮೆ ಬಂದ್ ಆದ್ರ ತಿರುಗಿ ತಗೀಲಿಕ್ಕೆ ಬರೋದಿಲ್ಲ, ದೊಡ್ಡಪ್ಪ," ಎಂದಳು.

"ಸೋಮವಾರಕ್ಕ ಮೊದಲ ನಾ ಬರ್ತೇನಿ," ಎಂದೆ.

ಮರುದಿನ ವೈಜಾಪುರ, ಯೇವಲೆ ದಾಟಿ ನಾಶಿಕಕ್ಕೆ ಹೋಗುವ ಬಸ್ಸು ಹಿಡಿದೆ. ಟ್ಯಾಬು ಚೀಲದಲ್ಲಿ, ಪಂಚೆಯಲ್ಲಿ ಸುತ್ತಿದ ವ್ಯಾಸಪೀಠ ತೊಡೆಯ ಮೇಲೆ. ಅಂಚೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು ನಾನು. ಕಳೆದುಹೋಯಿತು ಎಂದವರ ಪತ್ರ ಎಷ್ಟೋ ಸಲ ಯಾವುದೋ ಚೀಲದ ತಳದಲ್ಲಿ ಸಿಕ್ಕಿದ್ದನ್ನು ನೋಡಿದ್ದೇನೆ. ಇದೂ ಸಿಗುತ್ತದೆಂಬ ಭರವಸೆ ನನಗಿತ್ತು.

ಆಫೀಸಿನಲ್ಲಿ ಜಯಂತನೆಂಬ ಹುಡುಗ ಎದ್ದು ನಿಂತ. ಬ್ರೌಸರಿನ ಪ್ರೋಗ್ರಾಮ್ ಬರೆಯುವವನು ಅವನೇ. ತಂದೆ ಬ್ಯಾಂಕಿನ ವರ್ಗದ ಮೇಲೆ ವಿಜಯಪುರದಿಂದ ಬಂದವರಂತೆ.

"ಕಾಕಾ, ಇದನ್ಯಾಕ ಹೊತಗೊಂಡು ಬಂದ್ರಿ? ಸ್ಟ್ಯಾಂಡ್ ನಮ್ಮ ಹತ್ತರನೂ ಅದಾವ."

"ನಿಮ್ಮ ಸ್ಟ್ಯಾಂಡು ಸಿನೆಮಾ ನೋಡ್ಲಿಕ್ಕೆ. ಇದು ಓದ್ಲಿಕ್ಕೆ. ಕೆಳಗ ಕೂಡ್ರು."

ಹರ್ಷಿಣಿಯೂ ಅವನೂ ನೆಲದ ಮೇಲೆ ಕುಳಿತರು. ನಾನು ಟ್ಯಾಬನ್ನಿಟ್ಟು, ಒಂದು ಪುಟ ತೆರೆಸಿ, ಮುಟ್ಟಿ, ಕಣ್ಣಿಗೊತ್ತಿಕೊಂಡು ತೋರಿಸಿದೆ. ಪರದೆ ಮತ್ತೆ ಬಿಳಿಯಾಯಿತು.

"ನೀವು ಎರಡೂ ಕೈಯಾಗ ಹಿಡಿದು ಓದೋರ್ನ ನೋಡೀರಿ. ಕೆಳಗಿಟ್ಟು ಓದೋರ್ನ ನೋಡಿಲ್ಲ."

ಜಯಂತ ತಲೆ ಕೆರೆದುಕೊಂಡ. "ಇದು ನಿಮ್ಮ ಮನಿ ಪದ್ಧತಿ ಇರಬೇಕ್ರಿ ಕಾಕಾ. ಒಬ್ಬರ ಸಲುವಾಗಿ ಬದಲ ಮಾಡೋದು ಹ್ಯಾಂಗ?"

"ನಡಿ, ಚಹಾ ಕುಡಿಯೋಣ," ಎಂದೆ.

ಕೆಳಗೆ ಕುಂದಾಪುರದ ಕಡೆಯವರ ಹೋಟೆಲಿತ್ತು. ಮಾಲೀಕರ ತಾಯಿ ಭಾನುಮತಿಯಮ್ಮ ದೇವರ ಪಟದ ಕೆಳಗೆ ಕುಳಿತು ಹೂ ಕಟ್ಟುತ್ತಿದ್ದರು. ಜಯಂತನಿಂದ ಟ್ಯಾಬಿನಲ್ಲಿ ಪುರಾಣದ ಪುಟ ತೆರೆಸಿ, ಏನೂ ಹೇಳದೆ ಅವರ ಮುಂದಿಟ್ಟೆ. ಅವರು ಸೆರಗಿಗೆ ಕೈ ಒರೆಸಿಕೊಂಡರು. ಐದು ಬೆರಳು ಪುಟದ ಮೇಲೆ, ಆಮೇಲೆ ಕಣ್ಣಿಗೆ.

"ಅಯ್ಯೋ, ನಾನೆಂತ ಮಾಡ್ದೆ? ಹಾಳಾಯ್ತಾ ಮಾರಾಯ್ರೆ?"

"ನೀವು ಸರಿಯಾಗೇ ಮಾಡೀರಿ. ಹಾಳ ಮಾಡಿದಾಕಿ ಇಲ್ಲಿ ಕೂತಾಳ," ಎಂದು ಹರ್ಷಿಣಿಯನ್ನು ತೋರಿಸಿದೆ. ಅವಳು ನಕ್ಕು ಲೋಟದೊಳಗೆ ಮುಖವಿಟ್ಟಳು. ಆದರೆ ಜಯಂತ ನಗಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಎದ್ದ.

"ಕಾಕಾ, ಮ್ಯಾಲ ಬರ್ರಿ. ಒಂದು ನೋಡಬೇಕಾಗೇದ."

ಮನೋರಮೆಯ ಟ್ಯಾಬಿನಲ್ಲಿದ್ದ ಹಳೆಯ ಬ್ರೌಸರ್ ಅವಳು ಮುಟ್ಟಿದ್ದನ್ನೆಲ್ಲ ಬರೆದಿಡುತ್ತಿತ್ತಂತೆ: ಯಾವ ಪುಟ, ಎಷ್ಟು ಹೊತ್ತಿಗೆ, ಎಲ್ಲಿ, ಎಷ್ಟು ಬೆರಳು. ಅದರಲ್ಲಿ ತಮಗೆ ಅರ್ಥವಾಗದ್ದನ್ನು ಇವರು 'ತಪ್ಪು ಸ್ಪರ್ಶ' ಎಂದು ಬೇರೆ ತೆಗೆದಿಟ್ಟಿದ್ದರು. ಜಯಂತ ಆ ಪಟ್ಟಿ ತೆರೆದ. ದಿನಕ್ಕೆ ಎರಡು ಸಲ ಐದು ಬೆರಳು. ಬೆಳಿಗ್ಗೆ ಆರೂವರೆಗೊಮ್ಮೆ, ಏಳು ದಾಟಿದ ಮೇಲೊಮ್ಮೆ. ಒಂದು ದಿನವೂ ತಪ್ಪಿಲ್ಲ.

ಹರ್ಷಿಣಿ ಮೆಲ್ಲಗೆ ಹೇಳಿದಳು, "ದೊಡ್ಡಮ್ಮಂದು ಕೈ ನಡಗ್ತದ ಅಂತ ತಿಳ್ಕೊಂಡಿದ್ವಿ, ದೊಡ್ಡಪ್ಪ."

"ಆಕಿ ಕೈ ಎಂದೂ ನಡಗಿಲ್ಲವ್ವ."

ಪಟ್ಟಿಯ ಕೊನೆಯ ದಿನ, ಅವಳನ್ನು ಆಸ್ಪತ್ರೆಗೆ ಸೇರಿಸಿದ ದಿನದ ಬೆಳಿಗ್ಗೆ, ಏಳು ಗಂಟೆ ಹನ್ನೆರಡು ನಿಮಿಷ. ಇಪ್ಪತ್ತೊಂದನೆಯ ಅಧ್ಯಾಯ. ನಿಲ್ಲಿಸಿದ ಸಾಲಿನ ಮೇಲೆ ನಡುಬೆರಳಿಟ್ಟು ನಮಸ್ಕರಿಸುವುದನ್ನು ನನ್ನ ತಾಯಿ ಅವಳಿಗೆ ಕಲಿಸಿದ್ದರು. ಪರದೆಯ ಮೇಲೆ ಐದು ಚುಕ್ಕಿಗಳು ಮೂಡಿದವು. ನಡುವಿನ ಚುಕ್ಕಿಯ ಕೆಳಗಿನ ಸಾಲನ್ನು ನಾನು ಎರಡು ಸಲ ಓದಿಕೊಂಡೆ. ದೇವರು ಜಾಗವನ್ನು ಜೋಪಾನ ಮಾಡಿದ್ದ.

ಕನ್ನಡಕ ಒರೆಸಿಕೊಂಡು ಹೇಳಿದೆ: "ನಾವು ಹಿಂಗ ಮುಟ್ಟೋದು ಶುರು ಮಾಡೋವಾಗ, ನಿಲ್ಲಿಸೋವಾಗ. ಹಂಗಂದ ಮ್ಯಾಲ ಐದು ಬೆರಳಿಗೆ ಪುಟ ಮುಚ್ಚಬ್ಯಾಡ್ರಿ. ಜಾಗಾ ನೆನಪಿಡ್ರಿ."

"ಹಂಗಾರ ಎಲ್ಲಾ ಬಂದ್ ಮಾಡೋದು ಹ್ಯಾಂಗ?" ಎಂದಳು ಹರ್ಷಿಣಿ.

"ಅದಕ್ಕೊಂದು ಗುಂಡಿ ಇಡು. ಅಷ್ಟು ಬುದ್ಧಿ ನಿನಗದ."

ಜಯಂತ ಆಗಲೇ ಬರೆಯತೊಡಗಿದ್ದ.

ಭಾನುವಾರ ಬೆಳಿಗ್ಗೆ ತಮ್ಮನ ಮನೆಯಲ್ಲಿ ಸ್ನಾನ ಮುಗಿಸಿ ಕುಳಿತೆ. ಬದಲಾದ ಬ್ರೌಸರನ್ನು ಹಾಕಿ ತಂದಿದ್ದ ಹರ್ಷಿಣಿ ಒದ್ದೆ ತಲೆಯಲ್ಲೇ ಬಂದು ಪಕ್ಕದಲ್ಲಿ ಕೂತಳು. ಐದು ಬೆರಳಿಟ್ಟು ಕಣ್ಣಿಗೊತ್ತಿಕೊಂಡೆ. ಪುಟ ಅಲ್ಲೇ ಇತ್ತು. ಸಾಲಿನ ಬದಿಗೆ ಕುಂಕುಮದಷ್ಟು ಸಣ್ಣ ಕೆಂಪು ಗುರುತು ಮೂಡಿತ್ತು.

ಅವಳು ಇನ್ನೂ ನನ್ನ ಬೆರಳುಗಳನ್ನೇ ನೋಡುತ್ತಿದ್ದಳು.

"ಕೈ ನೋಡಬ್ಯಾಡವ್ವ, ಕೇಳು," ಎಂದು ಮುಂದಿನ ಸಾಲಿನಿಂದ ಓದಲು ಆರಂಭಿಸಿದೆ.