ಎಡಗಣ್ಣಿನ ಬಲ

ಜೋಗೇಶ್ವರಿಯ ಆ ಚಾಳಿನಲ್ಲಿ ಇಂಗ್ಲಿಷ್ ಕಾಗದ ಯಾರ ಮನೆಗೆ ಬಂದರೂ ಮೊದಲು ಶರಣವ್ವನ ಕೈಗೆ ಬರುತ್ತಿತ್ತು. ಧಾರವಾಡದ ಕಾಲೇಜಿನಲ್ಲಿ ಎರಡು ವರ್ಷ ಓದಿದವಳು. ತಾನು ಆಡಿದ ಮಾತು ಇನ್ನೊಬ್ಬರ ಮನೆಯಲ್ಲಿ ಏನು ಮಾಡೀತೋ ಎಂಬ ಅಳುಕು ಅವಳಿಗೆ ಸದಾ. ಆದ್ದರಿಂದ ಎರಡು ಸಲ ಓದಿಯೇ ಬಾಯಿ ತೆರೆಯುತ್ತಿದ್ದಳು.

ಒಂದು ಮಂಗಳವಾರ ಪಕ್ಕದ ಖೋಲಿಯ ರಾಚವ್ವ ಗಂಡನ ಕಣ್ಣಿನ ಚೀಟಿ ತಂದಳು. ಗಂಡ ಪೂವಪ್ಪ ಕಾರಖಾನೆಯಲ್ಲಿ ಸಾಣೆಚಕ್ರಕ್ಕೆ ಕಬ್ಬಿಣ ಹಿಡಿಯುವವನು. ಹತ್ತು ವರ್ಷದ ಹಿಂದೆ ಕಿಡಿ ಸಿಡಿದು ಎಡಗಣ್ಣು ಮಬ್ಬಾಗಿತ್ತು. ಆ ಮಬ್ಬಿಗೆ ಅವನು ಹೊಂದಿಕೊಂಡುಬಿಟ್ಟಿದ್ದ. ಈಗೀಗ ಬಲಗಣ್ಣೂ ಮಂಜಾಗತೊಡಗಿದಾಗ ಮೇಸ್ತ್ರಿ ಅವನನ್ನು ಸ್ಟೋರಿಗೆ ಹಾಕಿ, ಕನ್ನಡಕ ಬಂದ ಮೇಲೆ ನೋಡೋಣ ಎಂದಿದ್ದ. ಜೊತೆಯವರು ಅವನನ್ನು 'ಸ್ಟೋರ್ ಸಾಹೇಬ' ಎಂದು ಕಾಡತೊಡಗಿದ್ದರು. ಆಸ್ಪತ್ರೆಯಲ್ಲಿ ಬಲಗಣ್ಣು ಮುಚ್ಚಿಸಿದಾಗ ಏನೂ ಕಾಣದಿದ್ದುದು ಕಣ್ಣಿಗೆ ಔಷಧಿ ಹಾಕಿದ್ದರಿಂದ ಎಂದುಕೊಂಡಿದ್ದ. ಕೇಳುವ ಧೈರ್ಯ ಆಗಿರಲಿಲ್ಲ.

ಚೀಟಿಯಲ್ಲಿ ಎರಡೇ ಸಾಲು. ಮೇಲೆ ಆರ್ ಎಂದು ಬರೆದು ಮುಂದೆ ಮೈನಸ್ ಐದು. ಕೆಳಗೆ ಎಲ್ ಎಂದು ಬರೆದು ಮುಂದೆ ಬಿ, ಎ, ಎಲ್, ಒಂದು ಚುಕ್ಕೆ. ಆರ್ ಬಲಗಣ್ಣು, ಎಲ್ ಎಡಗಣ್ಣು, ಅದರಲ್ಲಿ ಸಂಶಯವಿರಲಿಲ್ಲ. ಆದರೆ ಈ 'ಬಲ್'? ಡಾಕ್ಟರು ಮರಾಠಿಯವರು ಎಂದಳು ರಾಚವ್ವ. ಮರಾಠಿಯಲ್ಲೂ ಬಲ ಎಂದರೆ ಬಲವೇ.

"ಎಡಗಣ್ಣಿಗೆ ಬಲ ಐತಿ ಅಂತ ಬರದಾರ. ನಂಬರ ಬಲಗಣ್ಣಿಗಷ್ಟ," ಎಂದಳು ಶರಣವ್ವ.

ರಾಚವ್ವ ಚೀಟಿಯನ್ನು ಕಣ್ಣಿಗೆ ಒತ್ತಿಕೊಂಡಳು. ಪೂವಪ್ಪ ಮರುದಿನವೇ ಮೇಸ್ತ್ರಿಯನ್ನು ಕಂಡು, ಬರುವ ಸೋಮವಾರದಿಂದ ಚಕ್ರಕ್ಕೆ ಬರುತ್ತೇನೆಂದು ಒಪ್ಪಿಸಿದ.

ಆ ಶನಿವಾರ ಶರಣವ್ವ ಬೈಕುಲ್ಲಾ ಮಾರ್ಕೆಟ್ಟಿಗೆ ಹೊರಟಿದ್ದಳು. ಅಲ್ಲಿಯ ಅಂಗಡಿಯಲ್ಲಿ ಮಾಡಲು ಕೊಟ್ಟಿದ್ದ ಕನ್ನಡಕವನ್ನೂ ಬಿಡಿಸಿಕೊಂಡು ಬಾ ಎಂದು ರಾಚವ್ವ ಕೇಳಿಕೊಂಡಳು. ಅಂಗಡಿಯಲ್ಲಿ ನೋಡಿದರೆ ಎರಡು ಗಾಜೂ ಒಂದೇ ದಪ್ಪ. ಎಡಗಣ್ಣಿಗೆ ನಂಬರೇ ಇಲ್ಲ, ಬಲ್ ಎಂದಿದೆಯಲ್ಲ ಎಂದು ಅವಳು ಕೇಳಿದಳು. ಮುದುಕ ಅಂಗಡಿಕಾರ ಚೀಟಿಯ ಮೇಲೆ ಉಗುರಿಟ್ಟ.

"ಬಲ್ ನಹೀಂ ಬಾಯೀ, ಬ್ಯಾಲೆನ್ಸ್."

ಆ ಕಣ್ಣು ಹೋಗಿದೆ, ಯಾವ ಗಾಜು ಹಾಕಿದರೂ ಕಾಣದು. ಮುಖದ ಮೇಲೆ ತೂಕವೂ ನೋಟವೂ ಸಮನಾಗಿರಲೆಂದು ಇನ್ನೊಂದರ ಜೋಡಿ ಹಾಕುತ್ತೇವೆ ಎಂದು ವಿವರಿಸಿದ. ಶರಣವ್ವನ ಕಿವಿಯಲ್ಲಿ ಸಾಣೆಚಕ್ರದ ಸದ್ದು ತುಂಬಿಕೊಂಡಿತು. ಇನ್ನೊಂದು ಕಿಡಿ ಸಾಕು.

ದಾದರಿನಲ್ಲಿ ಗಾಡಿ ಬದಲಿಸುವಾಗ ಒಂದು ಯೋಚನೆ ಬಂತು: ಚಕ್ರದ ಕೆಲಸ ಬೇಡವೆಂದು ಅಂಗಡಿಯವ ಹೇಳಿದ ಎಂದಷ್ಟೇ ಹೇಳಿದರೆ? ಅಂಗಡಿಯವನ ಮಾತನ್ನು ಪೂವಪ್ಪ ಕೇಳಲಾರ. ಕೇಳಿದರೆ ಅವಳು ಓದಿದ್ದನ್ನೇ ಕೇಳಿಯಾನು. ಅಂದ ಮೇಲೆ ಓದಿದ್ದು ತಪ್ಪೆಂದು ಅವಳೇ ಹೇಳಬೇಕು.

ಅವಳು ಖೋಲಿಗೆ ತಂದುಕೊಟ್ಟ ಕನ್ನಡಕವನ್ನು ಪೂವಪ್ಪ ಏರಿಸಿ, ಎದುರು ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ಗಟ್ಟಿಯಾಗಿ ಓದತೊಡಗಿದ. ಅವನು ನಿಲ್ಲಿಸುವವರೆಗೆ ಕಾದು ಶರಣವ್ವ ಹೇಳಿದಳು:

"ಪೂವಪ್ಪಣ್ಣ, ನಾ ಚೀಟಿ ತಪ್ಪ ಓದೀನಿ. ಅದು ಬಲ ಅಲ್ಲ, ಬ್ಯಾಲೆನ್ಸ್ ಅನ್ನೂದನ್ನ ಮೊಟಕ ಮಾಡಿ ಬರದಾರ. ಎಡಗಣ್ಣು ಕಾಣೂದಿಲ್ಲ ಅಂತ ಅದರ ಅರ್ಥ."

"ಕಾಲೇಜು ಕಲತವರ ಹಿಂಗಂದ್ರ ನಾವು ಯಾರನ್ನ ಕೇಳೂಣ್ರೀ ಅಕ್ಕಾರ?" ಅವನು ನಕ್ಕ.

ರಾಚವ್ವ ನಗಲಿಲ್ಲ. ಹಿಂದಿನಿಂದ ಬಂದು, ಕನ್ನಡಕದ ಬಲಗಾಜಿನ ಮೇಲೆ ಅಂಗೈ ಒತ್ತಿ ಹಿಡಿದಳು. ಪೂವಪ್ಪನ ಮುಖ ಅತ್ತಿತ್ತ ಹೊರಳಿತು.

"ಬಾಗಲಾ ಯಾಕ ಹಾಕೀರಿ?"

ಬಾಗಿಲು ತೆರೆದೇ ಇತ್ತು. ಮಧ್ಯಾಹ್ನದ ಬಿಸಿಲು ಅವನ ಮೊಣಕಾಲಿನವರೆಗೂ ಬಿದ್ದಿತ್ತು. ರಾಚವ್ವ ಬಹಳ ಹೊತ್ತು ಕೈ ತೆಗೆಯಲಿಲ್ಲ.

ಕೈ ತೆಗೆದಾಗ ಪೂವಪ್ಪ ತೆರೆದ ಬಾಗಿಲನ್ನು ನೋಡಿದ. ಸ್ಟೋರಿನಲ್ಲೇ ಇರುತ್ತೇನೆಂದು ಮೇಸ್ತ್ರಿಗೆ ಇಂಗ್ಲಿಷಿನಲ್ಲಿ ಬರೆದುಕೊಡಿ ಎಂದ. "ಒಂದ ಅಕ್ಷರಾನೂ ಮೊಟಕ ಮಾಡಬ್ಯಾಡ್ರಿ."

ಶರಣವ್ವ ಪ್ರತಿ ಶಬ್ದವನ್ನೂ ಪೂರ್ತಿ ಬರೆದಳು. ಬರೆದದ್ದನ್ನು ಕನ್ನಡದಲ್ಲಿ ಹೇಳಿ, ಸಹಿಗೆ ಪೆನ್ನು ಕೊಡುವ ಮೊದಲು ಕೇಳಿದಳು: "ಏನು ತಿಳೀತು, ನೀವು ಹೇಳ್ರಿ."

ಪೂವಪ್ಪ ಕಾಗದದತ್ತ ನೋಡುತ್ತ, ಪಾಠ ಒಪ್ಪಿಸುವವನಂತೆ ನಿಧಾನವಾಗಿ ಹೇಳಿದ:

"ನನಗ ಒಂದ ಕಣ್ಣೈತಿ. ಚಕ್ರದ ಮುಂದ ನಿಂದರೂದಿಲ್ಲ."

ಅವಳು ಪೆನ್ನು ಕೊಟ್ಟಳು.