ಜೊಂಡಿನ ಬೇರು

ಚಾಪೆ ನೇಯುವ ಶೆಡ್ಡಿನಲ್ಲಿ ಆ ವರ್ಷ ಅರ್ಧದಷ್ಟು ಮಗ್ಗಗಳು ಖಾಲಿ ಕೂತಿದ್ದವು. ಚಾಪೆಗೆ ಬೇಕಾದ ಹೊಳೆದಂಡೆಯ ಜೊಂಡು ಮೊದಲು ತುದಿಯಲ್ಲಿ ಕಂದಿತು, ಆಮೇಲೆ ಬುಡದಿಂದಲೇ ಒಣಗುತ್ತ ಬಂತು. ಮಳೆ ಕೈಕೊಟ್ಟು ಹೊಳೆ ಇಳಿದಾಗ ಸಮುದ್ರದ ಉಪ್ಪುನೀರು ಮೇಲೇರಿ ಬಂದಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ದಂಡೆಯಲ್ಲಿ ಯಾರೋ ಜೊಂಡನ್ನು ಬೇರುಸಮೇತ ಕಿತ್ತ ಗುಂಡಿಗಳು ಕಂಡ ದಿನದಿಂದ ಉಪ್ಪಿನ ಮಾತು ನಿಂತೇಹೋಯಿತು.

"ಹೊರಗಿನವರ ಕೆಲಸ ಅಲ್ಲ ಇದು," ಎಂದು ಶೆಡ್ಡಿನ ಹಿರಿಯಳಾದ ಮಗ್ಗದಜ್ಜಿ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು.

ಆ ನೋಟ ತನ್ನ ಓರಗಿತ್ತಿಯ ಮೇಲೆ ತುಸು ಹೆಚ್ಚು ಹೊತ್ತು ನಿಂತಿತೆಂದು ದೊಡ್ಡ ಸೊಸೆಗೆ ಅನಿಸಿತು. ಒಂದೇ ಮನೆಯ ಸೊಸೆಯರು ಇಬ್ಬರೂ. ಮನೆ ಪಾಲಾಗಿ ನಡುವೆ ಗೋಡೆ ಎದ್ದ ಮೇಲೂ ಶೆಡ್ಡಿನಲ್ಲಿ ಪಕ್ಕಪಕ್ಕವೇ ಕೂರುತ್ತಿದ್ದರು. ಚಿಕ್ಕವಳದು ಮಾತು ಕಡಿಮೆ. ಹೊಟ್ಟೆಯೊಳಗೆ ಏನಿಟ್ಟುಕೊಂಡಿದ್ದಾಳೋ ಎಂದು ದೊಡ್ಡವಳಿಗೆ ಮೊದಲಿನಿಂದಲೂ ಗುಮಾನಿ. ಈಗಂತೂ ಊಟದ ಹೊತ್ತಿಗೆ ನಾಪತ್ತೆ. ಕೇಳಿದರೆ, "ಸ್ವಲ್ಪ ಕೆಲಸ ಇತ್ತಕ್ಕಾ." ಹಿತ್ತಲ ಬಾಗಿಲಿಗೆ ಹೊಸ ಚಿಲಕ ಬಿದ್ದಿದೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಬಾವಿಯಿಂದ ಅಷ್ಟೊಂದು ನೀರು ಯಾಕೆ?

"ಬೇರು ಕದ್ದು ಮಾರ್ತಿದಾಳೇನೋ," ಎಂದು ಗಂಡನ ಹತ್ತಿರ ಅಂದಳು.

"ಒಣಗಿದ ಬೇರು ಯಾರ್ ತಗೋತಾರೆ? ನಿಂಗೆಲ್ಲೋ ತಲೆ ಕೆಟ್ಟಿದೆ," ಎಂದನವನು, ತಟ್ಟೆಯಿಂದ ಮುಖ ಎತ್ತದೆ.

ಮರುದಿನ ಮಧ್ಯಾಹ್ನ ಅವಳು ಸ್ಟೂಲು ಹತ್ತಿ ಗೋಡೆಯಾಚೆ ಇಣುಕಿದಳು. ಬಕೆಟ್ಟು, ಒಡಕು ಡ್ರಮ್ಮು, ತಗಡಿನ ಡಬ್ಬ, ಎಲ್ಲದರಲ್ಲೂ ಹಸಿರು ಜೊಂಡು. ನಟ್ಟನಡುವೆ, ಮನೆ ಪಾಲಾಗುವಾಗ ಕಳೆದುಹೋಯಿತೆಂದು ಎಲ್ಲರೂ ನಂಬಿದ್ದ ಅತ್ತೆಯ ತಾಮ್ರದ ಹಂಡೆ!

"ಆ ಹಂಡೆ!" ಬಾಯಿಂದ ಮೊದಲು ಬಂದದ್ದು ಅದೇ.

ಚಿಕ್ಕವಳು ಬೆಚ್ಚಿ ತಿರುಗಿದಳು. "ಬಿದ್ದೀರಿ ಅಕ್ಕಾ, ಇಳೀರಿ. ಹಂಡೆಗೆ ಆಮೇಲೆ ಬೈಯಿರಂತೆ."

"ಬೇರು ಕಿತ್ತೋಳು ನೀನೇ."

"ಹೂಂ. ಅಲ್ಲೇ ಬಿಟ್ಟಿದ್ರೆ ಇಷ್ಟೊತ್ತಿಗೆ ಸತ್ತಿರೋದು. ಸಿಹಿನೀರಿಗೆ ಚಿಗುರಿದೆ ನೋಡಿ."

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ದಂಡೇಲಿ ಒಂದು ಬೇರಾದ್ರೂ ಉಳೀತಿತ್ತಾ? ನಾ ಮುಂದು ತಾ ಮುಂದು ಅಂತ ಬಾಚ್ಕೊಂಡು ಹಾಳು ಮಾಡೋರು. ನೀವೇ ಮೊದಲು."

ದೊಡ್ಡವಳು ಸ್ಟೂಲಿನಿಂದ ಇಳಿಯದೆ ಕೇಳಿದಳು: "ನಮಗೂ ಕೊಡ್ತಿದ್ಯಾ, ಇಲ್ಲಾ ಒಬ್ಬಳೇ ಇಟ್ಕೋತಿದ್ಯಾ?"

ಚಿಕ್ಕವಳು ಕೈಯ ಕೆಸರು ಒರೆಸಿಕೊಂಡಳು. "ಗೊತ್ತಿಲ್ಲಕ್ಕಾ. ಹೆಚ್ಚಾಗಿದ್ರೆ ಕೊಡ್ತಿದ್ನೇನೋ."

ಆ ಉತ್ತರ ನಿಜವಿರಬೇಕು ಅನಿಸಿತು. ಸುಳ್ಳಾಡುವವಳಾಗಿದ್ದರೆ ಇದಕ್ಕಿಂತ ಚೆಂದದ್ದು ಹೇಳುತ್ತಿದ್ದಳು. ದೊಡ್ಡವಳು ಅಂದು ಶೆಡ್ಡಿನಲ್ಲಿ ಬಾಯಿ ಬಿಡಲಿಲ್ಲ. ಮರುದಿನದಿಂದ ತಾನೂ ಊಟ ಬಿಟ್ಟು ನೀರು ಹೊರತೊಡಗಿದಳು.

ಹೆಚ್ಚು ದಿನ ನಡೆಯಲಿಲ್ಲ. "ಈಗ ಇಬ್ಬರೂ ಮಾಯ ಆಗ್ತೀರಲ್ಲ!" ಎನ್ನುತ್ತ ಮಗ್ಗದಜ್ಜಿ ಶೆಡ್ಡಿನ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹಿತ್ತಲಿಗೇ ಬಂದಳು. ಹಸಿರು ಕಂಡು ಯಾರೂ ಹಿಗ್ಗಲಿಲ್ಲ. "ನಮಗೆ ಗೊತ್ತಾಗದ್ದು ಇನ್ನೆಷ್ಟಿದೆಯೋ," ಎಂದು ಒಬ್ಬಳು ಮನೆಯೊಳಗೆ ಹೋಗಿ ಮಂಚದ ಕೆಳಗೂ ಬಗ್ಗಿ ನೋಡಿದಳು. ಕೊನೆಗೆ ಅಜ್ಜಿ ತಾನೇ ಕೂತು ಬೇರು ಬಿಡಿಸಿ ಮನೆಗೊಂದು ಗಡ್ಡೆ ಹಂಚಿದಳು. ಪ್ರತಿಯೊಬ್ಬಳಿಗೂ ಪಕ್ಕದವಳದೇ ದಪ್ಪ ಕಂಡಿತು.

ಡಬ್ಬದ ಜೊಂಡು ಉದ್ದ ಬೆಳೆಯಲಿಲ್ಲ. ಮಲಗುವ ಚಾಪೆಗಳು ನಿಂತುಹೋದವು. ಕೂರುವ ಸಣ್ಣ ಚಾಪೆ ನೇಯುತ್ತ ಶೆಡ್ಡು ಹೇಗೋ ಉಸಿರು ಹಿಡಿದುಕೊಂಡಿತು. ದಂಡೆಯ ಕಡೆ ಯಾರೂ ಹೋಗುತ್ತಿರಲಿಲ್ಲ.

ಮುಂದಿನ ಮಳೆಗೆ ಹೊಳೆ ಸ್ವಲ್ಪ ಏರಿತು. ದೊಡ್ಡವಳು ಗೋಡೆಯ ಹತ್ತಿರ ಬಂದು, "ಒಂದು ಗಡ್ಡೆ ದಂಡೇಲಿ ಊರಿ ನೋಡೋಣ್ವಾ?" ಎಂದಳು.

"ಯಾರಿಗಾದ್ರೂ ಹೇಳಿದೀರಾ?"

"ಇಲ್ಲ."

"ಹೇಳ್ಬೇಡಿ," ಎಂದು ಚಿಕ್ಕವಳು ಗುದ್ದಲಿ ತರಲು ಒಳಗೆ ಹೋದಳು.